ತವರಿನ ಸೀರೆಯ ಬಣ್ಣ

ಕೊಲ್ಲಿ ನಾಡಿನ ಅಲ್ ವುಕೈರ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಹುಡುಗಿಗೆ ಸೀಮಂತ ಗೊತ್ತಾಗಿತ್ತು. ಉಡುಪಿಯಿಂದ ಬರಬೇಕಿದ್ದ ತಾಯಿ ಕಾಲು ಮುರಿದುಕೊಂಡರು. ತವರಿನ ಸೀರೆ ಕೊಡುವವರು ಯಾರು ಎಂಬ ಮಾತು ಬಂದಾಗ ಅವಳು ನನ್ನ ಹೆಂಡತಿಯ ಕೈ ಹಿಡಿದು, "ನೀವೇ ಕೊಡ್ಬೇಕು ಅತ್ತಿಗೆ" ಎಂದಳು. ಬಣ್ಣ ಯಾವುದೆಂದು ಕೇಳಿದ್ದಕ್ಕೆ ನಾಚಿಕೊಂಡು "ಫ್ಯೂಷಿಯಾ" ಎಂದಳು.

ಪಕ್ಕದ ಅಲ್ ವಕ್ರಾದ ಅಂಗಡಿಯಲ್ಲಿ ಮಲಯಾಳಿ ವ್ಯಾಪಾರಿ ಕಡು ಗುಲಾಬಿಯದೊಂದು, ನೇರಳೆಯದೊಂದು ಸೀರೆ ಹಾಸಿದ. "ಇದೂ ಫ್ಯೂಷಿಯಾ, ಅದೂ ಫ್ಯೂಷಿಯಾ ಸಾರ್."

ಹುಡುಗಿಗೇ ಫೋನ್ ಮಾಡೋಣವೆಂದೆ. ಹೆಂಡತಿ ಒಪ್ಪಲಿಲ್ಲ. "ಎಂತ ಮಾರಾಯ್ರೆ, ತವರಿನವರು ಎರಡೆರಡು ಸಲ ಕೇಳಿ ಕೊಡುದುಂಟಾ? ಹೊರಗಿನವರ ಹಾಗೆ ಆಗುದಿಲ್ವಾ?"

ಹೆಸರು ಹೂವಿನದು, ಹೂವನ್ನೇ ನೋಡಿದರೆ ತೀರ್ಮಾನವಾಗುತ್ತದೆ ಎಂದುಕೊಂಡು ಹೆಂಡತಿಯನ್ನು ಅಂಗಡಿಯಲ್ಲೇ ಬಿಟ್ಟು ನರ್ಸರಿಗೆ ಹೋದೆ. ಚಳಿಗಾಲವಾದ್ದರಿಂದ ತೂಗುಕುಂಡವೊಂದರಲ್ಲಿ ಫ್ಯೂಷಿಯಾ ಇತ್ತು. ಹೂಗಳು ಜುಮುಕಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದಿದ್ದವು. ಹೊರಗಿನ ಎಸಳು ಕಡು ಗುಲಾಬಿ, ಒಳಗಿನದು ನೇರಳೆ. ಗಿಡವನ್ನೇ ಕೊಂಡು ಅಂಗಡಿಗೆ ಒಯ್ದೆ.

ವ್ಯಾಪಾರಿ ಹೂವನ್ನು ಬೆರಳಿನಿಂದ ಎತ್ತಿ ನೋಡಿದ. "ಹೊರಗಿಂದು ಬೇಕಾ, ಒಳಗಿಂದು ಬೇಕಾ ಸಾರ್?"

ನಾನು ಹೊರಗಿನದು ಎಂದೆ, ಹೆಂಡತಿ ಒಳಗಿನದು ಎಂದಳು. ಸ್ವಲ್ಪ ಹೊತ್ತಿಗೆ ಅವಳು ಹೊರಗಿನದಕ್ಕೂ ನಾನು ಒಳಗಿನದಕ್ಕೂ ಬದಲಾಗಿದ್ದೆವು. "ಯಲ್ಲಾ ಸಾರ್, ನಮಾಜಿಗೆ ಮುಚ್ಚಬೇಕು" ಎಂದು ವ್ಯಾಪಾರಿ ಅವಸರಪಡಿಸಿದ. ಕೈಗೆ ಸಿಕ್ಕ ನೇರಳೆ ಸೀರೆ ಕಟ್ಟಿಸಿಕೊಂಡೆವು.

ಸೀಮಂತದ ದಿನ ಸೀರೆಯ ಜೊತೆ ಗಿಡವನ್ನೂ ಕೊಟ್ಟೆವು. ಅವಳು ಸೀರೆ ಬಿಡಿಸಿ ಸೆರಗನ್ನು ಬೆಳಕಿಗೆ ಹಿಡಿದಳು. ಹೆಂಡತಿ ನನ್ನ ಮುಖ ನೋಡಿದಳು.

"ಇದಲ್ಲ ಅಣ್ಣ ನಾನು ಹೇಳಿದ್ದು" ಎಂದು ಹುಡುಗಿ ನಕ್ಕಳು. "ಅಮ್ಮನೂ ಹೀಗೇ. ಹೇಳಿದ ಬಣ್ಣ ಒಂದು ದಿನವೂ ತಂದದ್ದಿಲ್ಲ."

ಅದನ್ನೇ ಉಟ್ಟು ಬಂದು ಮಣೆಯ ಮೇಲೆ ಕುಳಿತಳು. ಅವಳಿಗೆ ಬಳೆ ತೊಡಿಸುತ್ತಾ ಹೆಂಡತಿ ಕಣ್ಣೊರೆಸಿಕೊಂಡಳು.

ಊಟವಾದ ಮೇಲೆ ಗಿಡದ ಹತ್ತಿರ ನಿಂತು ಕೇಳಿದೆ: "ಹಾಗಾದರೆ ನೀನು ಹೇಳಿದ್ದು ಈ ಹೊರಗಿನದಾ?"

ಅವಳು ಹೂವೊಂದನ್ನು ಹಿಡಿದು ತಿರುಗಿಸಿದಳು. ಬೆರಳು ಹೊರ ಎಸಳಿನ ಮೇಲಿತ್ತು, ಒಳಗಿನದಕ್ಕೆ ಸರಿಯಿತು, ಅಲ್ಲೂ ನಿಲ್ಲಲಿಲ್ಲ.

"ಎರಡೂ ಅಲ್ಲ ಅನ್ಸ್ತದೆ ಅಣ್ಣ" ಎಂದಳು.