ಅವ್ವನ ಮೂಗಿನೊಳಗಿನದು

ಅವ್ವನ ಎಡಮೂಗು ಕಟ್ಟಿಕೊಂಡು ವರ್ಷಗಳೇ ಆಗಿದ್ದವು. ಅಜವಾನದ ಹೊಗೆ, ನೀಲಗಿರಿ ಎಣ್ಣೆ ಎಲ್ಲ ಸೋತ ಮೇಲೆ ಬೇವೂರಿನಿಂದ ಗಂಗಾವತಿಗೆ ಕರೆದುಕೊಂಡು ಹೋದೆ. ಡಾಕ್ಟರು ಪೆನ್ಸಿಲಿಗಿಂತ ತೆಳ್ಳನೆಯ ಕೊಳವೆಯೊಂದನ್ನು ಅವಳ ಮೂಗಿಗೆ ತೂರಿಸಿದರು. ಅದರ ಕ್ಯಾಮೆರಾ ಕಂಡದ್ದೆಲ್ಲ ಅವ್ವನ ಬೆನ್ನ ಹಿಂದಿನ ಟಿ.ವಿ.ಯಲ್ಲಿ ಮೂಡಿತು. ಒಂದು ಮೂಗಿನೊಳಗೆ ಇಷ್ಟೊಂದು ಸಂದುಗೊಂದು ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

“ಗಡ್ಡಿ ಐತ್ರಿ. ಮುಖ ಕೊಯ್ಯೂದಿಲ್ಲ, ಇದ ದಾರಿಲೆ ತಗೀತೀವಿ,” ಎಂದರು.

“ಹ್ಯಾಂಗೈತ್ರಿ ಅದು?” ಎಂದು ಅವ್ವ ತಿರುಗಲು ಹೋದಳು.

“ಅಲುಗಾಡಬ್ಯಾಡ್ರಿ ಅಮ್ಮ.”

ಆಪರೇಷನ್ ಮುಗಿದಾಗ ಡಾಕ್ಟರು ನನ್ನನ್ನು ಬಾಗಿಲಿಗೆ ಕರೆದು ಸ್ಟೀಲಿನ ತಟ್ಟೆ ತೋರಿಸಿದರು. ನೆನೆದ ಶೇಂಗಾಬೀಜದಂಥ ತುಣುಕುಗಳು. “ನೋಡಾಕ ಸಾದಾ ಗಡ್ಡೀನ. ಆದ್ರ ಕ್ಯಾನ್ಸರ್ ಅಲ್ಲಂತ ಲ್ಯಾಬಿನವರು ಹೇಳಬೇಕು,” ಎಂದು ಅವನ್ನು ಔಷಧಿ ನೀರಿನ ಬಾಟಲಿಗೆ ಹಾಕಿ, ಹುಬ್ಬಳ್ಳಿಯ ಲ್ಯಾಬಿಗೆ ಮುಟ್ಟಿಸಲು ನನ್ನ ಕೈಗೇ ಕೊಟ್ಟರು. ನೋಡಿದರೆ ಅವ್ವ ಹೆದರಿಯಾಳೆಂದು ಬಾಟಲಿಯನ್ನು ಅವಳ ಕಣ್ಣಿಗೆ ಬೀಳದಂತೆ ಚೀಲಕ್ಕೆ ಸೇರಿಸಿದೆ.

ಅವ್ವನನ್ನು ಆಸ್ಪತ್ರೆಯಲ್ಲೇ ಬಿಟ್ಟು ಹುಬ್ಬಳ್ಳಿ ಬಸ್ಸು ಹಿಡಿದೆ. ಕೊಪ್ಪಳದಲ್ಲಿ ಹತ್ತಿದ ಮುದುಕಿಯೊಬ್ಬಳು ನನ್ನ ಪಕ್ಕ ಕುಳಿತಳು. “ಏನ್ ತಂಗಿ, ಚೀಲ ಹಂಗ ಅವಚಿಕೊಂಡು ಕುಂತೀದಿ? ಉಪ್ಪಿನಕಾಯೇನು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನೇ ಹೇಳಿದೆ. ಕೇಳಿ ಬೇರೆ ಸೀಟಿಗೆ ಹೋಗುತ್ತಾಳೆಂದುಕೊಂಡರೆ, ಆಕೆ ಚಾಳೀಸು ಮೂಗಿಗೆ ಏರಿಸಿ, “ತೋರಸು, ನೋಡೂಣು,” ಎಂದಳು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಟಿಕೆಟು ಹರಿಯುತ್ತಿದ್ದ ಕಂಡಕ್ಟರೂ ಬಗ್ಗಿ ನೋಡಿದ.

“ಇಷ್ಟ ಇದ್ದದ್ದು ನಿಮ್ಮವ್ವನ ಉಸರ ಕಟ್ಟಿಸಿತ್ತಲ್ಲ,” ಎಂದು ಮುದುಕಿ ಬಾಟಲಿ ತಿರುಗಿ ಕೊಟ್ಟಳು. ಗದಗ ಬರುವ ಹೊತ್ತಿಗೆ ನನ್ನ ಎದೆ ಸ್ವಲ್ಪ ಹಗುರಾಗಿತ್ತು.

ವರದಿ ಬಂದ ದಿನ ಅವ್ವನ ಜೊತೆ ಮತ್ತೆ ಅದೇ ಕೋಣೆಯಲ್ಲಿ ಕುಳಿತೆ. ಡಾಕ್ಟರು ಓದಿ, “ಕ್ಯಾನ್ಸರ್ ಅಲ್ರಿ. ಆದ್ರ ಇಂಥಾದ್ದು ಮತ್ತ ಬೆಳೀಬಹುದು, ಆಗಾಗ ಒಳಗ ನೋಡಬೇಕಾಗ್ತದ,” ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಬಾಟಲಿ, ಬಸ್ಸು, ಮುದುಕಿ ಎಲ್ಲವನ್ನೂ ನಗುನಗುತ್ತ ಅವ್ವನಿಗೆ ಹೇಳಿಬಿಟ್ಟೆ. ಅವಳು ನಗಲಿಲ್ಲ.

“ಕಂಡಕ್ಟರ್ ಸೈತ ನೋಡ್ಯಾನ. ನಾ ಅಂಜತೀನಂತ ನನಗ ಮುಚ್ಚಿಟ್ಟಿ. ಅದು ಎಷ್ಟೈತಿ, ಹ್ಯಾಂಗೈತಿ ಅಂತ ಕಾಣಲಾರದಕ್ಕ ನಾ ದಿನಾ ಅಂಜೀನಿ.”

ಡಾಕ್ಟರು ಕೊಳವೆ ಕೈಗೆತ್ತಿಕೊಂಡರು. ಅವ್ವ ಅವರ ಮುಂಗೈ ಹಿಡಿದು ನಿಲ್ಲಿಸಿದಳು.

“ತಡೀರಿ ಸಾಹೇಬ್ರ. ಮೊದಲ ಆ ಟಿ.ವಿ. ನನ್ನ ಕಡೆ ತಿರುವ್ರಿ.”