ಒಂದು ‘ಹೂಂರಿ’ಯ ಸುದ್ದಿ

ತಾಲ್ಲೂಕು ವರದಿಗಾರ ಎಂದರೆ ಏನೋ ದೊಡ್ಡ ಹುದ್ದೆ ಎಂದು ನನ್ನ ಬೀಗರು ತಿಳಿದಿದ್ದಾರೆ. ಬಸ್ ಸ್ಟ್ಯಾಂಡಿನ ಎದುರಿನ ಝರಾಕ್ಸ್ ಅಂಗಡಿಯಿಂದ ನನ್ನ ಹೊಟ್ಟೆ ತುಂಬುತ್ತದೆ. ಪತ್ರಿಕೆಯಿಂದ ತುಂಬುವುದು ಎದೆ ಮಾತ್ರ. ಕಲಘಟಗಿ ಕಡೆಯ ಮಳೆ, ಭತ್ತದ ನಾಟಿ, ರಸ್ತೆಯ ತಗ್ಗು, ನಿವೃತ್ತ ಮಾಸ್ತರರ ಸನ್ಮಾನ, ಇವೇ ನನ್ನ ಸುದ್ದಿಗಳು. ಇಷ್ಟು ವರ್ಷಗಳಲ್ಲಿ ನನ್ನದು ಮೊದಲ ಪುಟಕ್ಕೆ ಹೋದದ್ದು ಒಂದೇ ಒಂದು ಸುದ್ದಿ. ಅದರ ಕಟಿಂಗ್ ನನ್ನ ಹತ್ತಿರ ಇಲ್ಲ. ಇಟ್ಟುಕೊಳ್ಳುವ ಧೈರ್ಯವಾಗಲಿಲ್ಲ.

ಅದನ್ನು ಹೇಳುವ ಮೊದಲು ಒಂದು ಶಬ್ದದ ಬಗ್ಗೆ ಹೇಳಬೇಕು. ನಮ್ಮ ಕಡೆ ‘ಹೂಂರಿ’ ಎಂದರೆ ಒಪ್ಪಿದೆ ಎಂದೇ ಅರ್ಥವಲ್ಲ. ಕೇಳಿಸುತ್ತಿದೆ, ಮುಂದೆ ಹೇಳಿ, ಎಂದಷ್ಟೇ. ಕಂಡಕ್ಟರು ಒಳಗೆ ಸರಿಯಿರಿ ಎಂದರೆ ಹೂಂರಿ ಎಂದು ಬಾಗಿಲಲ್ಲೇ ನಿಲ್ಲುತ್ತೇವೆ. ನಾಲ್ಕು ದಿನ ಇದ್ದು ಹೋಗಲು ಬನ್ನಿ ಎಂದು ಬೀಗರು ಕರೆದರೆ ಹೂಂರಿ ಎನ್ನುತ್ತೇವೆ, ಹೋಗುವುದಿಲ್ಲ. ದೊಡ್ಡ ಮನುಷ್ಯರು ಫೋನಿನಲ್ಲಿ ಮಾತಾಡುವಾಗಲಂತೂ ನಡುನಡುವೆ ಅನ್ನಲೇಬೇಕು, ಇಲ್ಲದಿದ್ದರೆ ಲೈನ್ ಕಟ್ಟಾಯಿತೇನೋ ಎಂದು ಅವರು ಸಿಟ್ಟಾಗುತ್ತಾರೆ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಈ ಶಬ್ದದ ಅರ್ಥ ನನಗೆ ಗೊತ್ತಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಯೇ ನಗುತ್ತದೆ.

ದುಮ್ಮವಾಡದ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಒಂದು ಊರು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರಾಗಿ ಒಬ್ಬ ಹೆಣ್ಣುಮಗಳಿದ್ದರು. ನನಗಿಂತ ಚಿಕ್ಕವರು, ಆದರೂ ಮಕ್ಕಳು ಕರೆಯುವಂತೆ ನಾನೂ ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರು, ಅಮ್ಮ ಮಾಡಿದ್ದನ್ನು ಎಲ್ಲರ ಜೊತೆ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ಕೆಳಗಿನ ಓಣಿಯವರು. ಅವರ ಕೈಯಡುಗೆಯನ್ನು ತಮ್ಮ ಮಕ್ಕಳು ಉಣ್ಣುವುದು ಮೇಲಿನ ಓಣಿಯ ಕೆಲವರಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಬಾಯಿಬಿಟ್ಟು ಹಾಗೆಂದರೆ ಕೇಸಾಗುತ್ತದೆ. ಅದಕ್ಕೆ ಸಾರು ಖಾರ ಎನ್ನುತ್ತಿದ್ದರು.

ನಮ್ಮದು ದಿನಾ ಸಂಜೆ ವಚನ ಹೇಳುವ ಮನೆ. ಶಾಲೆಯ ಸುದ್ದಿಗೆ ಹೋದಾಗಲೆಲ್ಲ ಅಕ್ಕ ಒಂದು ತಾಟು ಅನ್ನ, ಸಾರು ಕೊಡುತ್ತಿದ್ದರು, ನಾನು ಉಣ್ಣುತ್ತಿದ್ದೆ. ಉಂಡೆ ಎನ್ನುವುದಕ್ಕಿಂತ, ಉಂಡೆ ಎಂದು ಊರಿಗೆ ಬಂದು ನಾಲ್ಕು ಮಂದಿಗೆ ಹೇಳಿಕೊಂಡೆ ಎನ್ನುವುದೇ ಖರೆ. ಜಾತಿ ಬಿಟ್ಟವನು ಎಂಬ ಹೆಸರು ನನಗೆ ಅಷ್ಟು ಅಗ್ಗಕ್ಕೆ ಸಿಕ್ಕಿತ್ತು.

ಆ ಶಾಲೆಯ ಅಡುಗೆ ಕೋಣೆಯ ಪತ್ರಾಸು, ಅಂದರೆ ಚಾವಣಿಯ ತಗಡುಗಳು, ಸೋರುತ್ತಿದ್ದವು. ಮಾಸ್ತರರು ಅರ್ಜಿ ಕೊಟ್ಟು ದಣಿದಿದ್ದರು. ಕೊನೆಗೆ ಅಕ್ಕನೇ ನಮ್ಮ ಭಾಗದ ಒಬ್ಬ ಮುಖಂಡರಿಗೆ ಫೋನು ಮಾಡಿದರು. ಅವರ ನಂಬರು ಕೊಟ್ಟವನು ನಾನೇ. ಆ ಮುಖಂಡರು ನನಗೂ ಬೇಕಾದವರು. ನನ್ನ ಅಂಗಡಿಯ ರಿಬ್ಬನ್ ಕತ್ತರಿಸಿದವರು, ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ನಮ್ಮ ಪತ್ರಿಕೆಗೆ ಪೂರ್ತಿ ಪುಟದ ಜಾಹೀರಾತು ಕೊಡುವವರು.

ಚುನಾವಣೆ ಹತ್ತಿರ ಬಂದಿದ್ದ ಒಂದು ಬೆಳಿಗ್ಗೆ ಎಲ್ಲರ ವಾಟ್ಸ್ಯಾಪಿಗೂ ಒಂದು ಆಡಿಯೊ ಬಂತು. ಮುಖಂಡರ ಎದುರಾಳಿಗಳು ಎಲ್ಲಿಂದಲೋ ಹಿಡಿದು ಬಿಟ್ಟಿದ್ದರು. ಅದರಲ್ಲಿ ಮಾತಾಡುವುದೆಲ್ಲ ಮುಖಂಡರೇ. ಪತ್ರಾಸಿನಿಂದ ಶುರುವಾದ ಮಾತು ಅಕ್ಕನ ದನಿ ಎಷ್ಟು ಚಂದ ಎಂಬಲ್ಲಿಗೆ, ಒಬ್ಬಾಕೆಯೇ ಹುಬ್ಬಳ್ಳಿಗೆ ಬಂದರೆ ಕೆಲಸ ಬೇಗ ಆಗುತ್ತದೆ ಎಂಬಲ್ಲಿಗೆ, ಆಮೇಲೆ ನಾನಿಲ್ಲಿ ಬರೆಯಲಾರದ ಜಾಗಕ್ಕೆ ಹೋಗುತ್ತದೆ. ಅಕ್ಕ ನಡುನಡುವೆ ಹೂಂರಿ ಎನ್ನುತ್ತಾರೆ. ಪ್ರತಿ ಸಲವೂ ದನಿ ಸಣ್ಣದಾಗುತ್ತ ಹೋಗುತ್ತದೆ. ಕೊನೆಗೆ ಒಂದೇ ಒಂದು ಪೂರ್ತಿ ಮಾತು: “ಸರ, ಮಳಿ ಬಂದ್ರ ಮಕ್ಕಳ ತಾಟನ್ಯಾಗ ನೀರ ಬೀಳ್ತಾವ್ರಿ. ಪತ್ರಾಸಿಂದಷ್ಟ ನೋಡ್ರಿ.” ಅಲ್ಲಿಗೆ ಫೋನು ಕಟ್ಟಾಗುತ್ತದೆ.

ಕಿವಿಯಿದ್ದ ಯಾರಿಗಾದರೂ ತಿಳಿಯುತ್ತಿತ್ತು, ಇದು ಒಬ್ಬ ಮನುಷ್ಯ ತನ್ನ ಅಧಿಕಾರ ತೋರಿಸಿ ಒಬ್ಬ ಹೆಣ್ಣುಮಗಳನ್ನು ಪೀಡಿಸಿದ್ದು ಎಂದು. ಟಿ.ವಿ.ಯವರು ಮಧ್ಯಾಹ್ನದೊಳಗೆ ಅದಕ್ಕೆ ಸಂಗೀತ ಕೂಡಿಸಿ ಸರಸ ಎಂದು ಕರೆದರು. ಹುಬ್ಬಳ್ಳಿಯಲ್ಲಿ ಕೂತು ನಮ್ಮ ಸುದ್ದಿ ತಿದ್ದುವ ಡೆಸ್ಕಿನವರು ನನಗೆ ಫೋನು ಮಾಡಿದರು. ಮುಖಂಡರ ಮೇಲೆ ಕೇಸಾಗಿಲ್ಲ, ಅವರ ಹೆಸರು ಬೇಡ ಎಂದರು. ಹೆಣ್ಣುಮಗಳ ಹೆಸರು, ಊರು, ಫೋಟೊ ಬೇಕೆಂದರು. ಆಕೆಯ ಮೇಲೂ ಕೇಸಾಗಿಲ್ಲವಲ್ಲ ಎಂದು ನಾನು ಕೇಳಬಹುದಿತ್ತು. ಎಷ್ಟು ಸಾಲು ಬೇಕು ಎಂದು ಕೇಳಿದೆ.

ಫೋಟೊ ನನ್ನ ಹತ್ತಿರವೇ ಇತ್ತು. ಮಕ್ಕಳಿಗೆ ಬಡಿಸುತ್ತ ನಗುವಾಗ ನಾನೇ ತೆಗೆದದ್ದು. ಸುತ್ತಲಿನ ಮಕ್ಕಳನ್ನು ಕತ್ತರಿಸಿ, ನಗುವನ್ನು ಉಳಿಸಿಕೊಂಡೆ.

ಆಮೇಲೆ ಬರೆಯಲು ಕೂತೆ. ‘ಪ್ರಭಾವಿ ಮುಖಂಡರೊಬ್ಬರು’ ಎಂದು ಶುರುಮಾಡಿದೆ. ‘ಅವರು ಹೇಳಿದ್ದಾರೆ’, ‘ಅವರು ಕೇಳಿಕೊಂಡಿದ್ದಾರೆ’ ಎಂದೆ. ಅಕ್ಕನಿಗೂ ಮೊದಲು ಅವರು ಎಂದೇ ಬರೆದೆ, ಕೈಗೆ ಅದೇ ರೂಢಿ. ಓದಿ ನೋಡಿದರೆ ಸುದ್ದಿ ಸಪ್ಪೆ ಅನ್ನಿಸಿತು. ಇಬ್ಬರಿಗೂ ಅವರು ಎಂದರೆ ತಪ್ಪು ಯಾರದೆಂದು ಓದುಗನಿಗೆ ಹೇಗೆ ತಿಳಿಯಬೇಕು? ಒಂದೊಂದೇ ‘ಅವರು’ ಅಳಿಸಿ ‘ಈಕೆ’ ಎಂದು ಮಾಡಿದೆ. ಕೊನೆಗೆ ಹೀಗೊಂದು ಸಾಲು ಹೊಸೆದೆ: ‘ಮುಖಂಡರ ಆಹ್ವಾನಕ್ಕೆ ಈಕೆ ಪದೇ ಪದೇ ಸಮ್ಮತಿ ಸೂಚಿಸಿರುವುದು ಧ್ವನಿಮುದ್ರಿಕೆಯಲ್ಲಿ ಸ್ಪಷ್ಟವಾಗಿ ಕೇಳಿಬರುತ್ತದೆ.’ ಪತ್ರಾಸಿನ ಮಾತು ಬಿಟ್ಟೆ. ಅದು ಸುದ್ದಿಗೆ ಹೊಂದುತ್ತಿರಲಿಲ್ಲ.

ಇದನ್ನು ಯಾರೂ ಹೇಳಿ ಮಾಡಿಸಲಿಲ್ಲ. ಅದೇ ನಾಚಿಕೆ. ಹೆಸರು, ಫೋಟೊದ ಪಾಪವನ್ನು ಡೆಸ್ಕಿನವರ ಜೊತೆ ಹಂಚಿಕೊಳ್ಳಬಹುದು. ಹೂಂರಿಯನ್ನು ಸಮ್ಮತಿ ಮಾಡಿದ್ದು ನಾನೊಬ್ಬನೇ. ಹುಬ್ಬಳ್ಳಿಯ ಆ ಹುಡುಗರಲ್ಲಿ ಅರ್ಧ ಜನ ತೆಂಕಣ ಸೀಮೆಯವರು, ಅವರಿಗೆ ಗೊತ್ತಿರಲಿಕ್ಕಿಲ್ಲ ಎಂದಾದರೂ ಬಿಡಬಹುದು.

ಸುದ್ದಿ ಬಂದ ದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ನಾಲ್ಕು ಮಂದಿ ನನ್ನ ಬೆನ್ನು ತಟ್ಟಿದರು. ಸುಳ್ಳೇಕೆ, ಮಧ್ಯಾಹ್ನದ ತನಕ ನನಗೆ ಖುಷಿಯೇ ಇತ್ತು. ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದರು, ಕೈಯಲ್ಲಿ ಪತ್ರಿಕೆ. ಅಳುತ್ತಾರೆ, ಬಯ್ಯುತ್ತಾರೆ ಎಂದು ನಾನು ಸಿದ್ಧನಾಗಿದ್ದೆ. ಅವರು ಸ್ಟೂಲಿನ ಮೇಲೆ ಕೂತು, ಪತ್ರಿಕೆ ಬಿಚ್ಚಿ, ಸಾಲಿನ ಮೇಲೆ ಬೆರಳಿಟ್ಟರು.

“ಅಣ್ಣಾರ, ಅವ್ರಿಗೆ ಅವರು ಅಂತ ಐತಿ, ನನಗ ಈಕೆ ಅಂತ ಐತಿ. ಇದು ಪೇಪರಿನ ಕಾನೂನೇನ್ರಿ?”

ಡೆಸ್ಕಿನವರು ತಿದ್ದಿದ್ದಾರೆ ಎಂದೆ. ನಾನು ಕಳಿಸಿದ್ದೇ ಬೇರೆ, ಅವರು ಹಾಕಿದ್ದೇ ಬೇರೆ, ನಮ್ಮ ಮಾತು ಅಲ್ಲಿ ಯಾರು ಕೇಳುತ್ತಾರೆ ಎಂದೆಲ್ಲ ಹೇಳಿದೆ. ಕೇಳದಿದ್ದರೂ ಹೇಳಿದೆ; ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವರು ನಂಬಿದರು. ನಿಮ್ಮ ಕೈಯಲ್ಲಾದರೂ ಏನಿದೆ ಬಿಡಿ ಎಂದು ನನ್ನನ್ನೇ ಸಮಾಧಾನ ಮಾಡಿದರು. ಆ ಸಮಾಧಾನವನ್ನೂ ನಾನು ತೆಗೆದುಕೊಂಡೆ.

ನೀವೊಂದು ಸ್ಪಷ್ಟನೆ ಕೊಡಿ, ಹಾಕಿಸುತ್ತೇನೆ ಎಂದೆ. ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡಲು ಕೂತೆ. ಪತ್ರಿಕೆಗೆ ಕಳಿಸುವ ನಮೂನೆ ಬೇಕೆಂದು ಹಿಂದಿನ ದಿನದ ಮೇಲ್ ತೆರೆದದ್ದು ನನ್ನ ಮೂರ್ಖತನ. ಅಕ್ಕ ನನ್ನ ಬಾಜುಕ್ಕೇ ಕೂತಿದ್ದರು. ಏಳನೆಯ ಇಯತ್ತೆ ಓದಿದವರು, ಅಕ್ಕಿ-ಬೇಳೆಯ ಸುತ್ತೋಲೆಗಳನ್ನೆಲ್ಲ ತಾವೇ ಓದಿಕೊಳ್ಳುವವರು. ಪರದೆಯ ಮೇಲಿನ ಸಾಲುಗಳನ್ನು ನಿಧಾನಕ್ಕೆ ಓದಿದರು. ತೊಡೆಯ ಮೇಲಿದ್ದ ಪತ್ರಿಕೆ ನೋಡಿದರು. ಮತ್ತೆ ಪರದೆ ನೋಡಿದರು. ಒಂದು ಅಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಡೆಸ್ಕಿನವರು ಒಂದು ಅಲ್ಪವಿರಾಮವನ್ನೂ ಮುಟ್ಟಿರಲಿಲ್ಲ.

ಅಕ್ಕ ಪತ್ರಿಕೆ ಮಡಚಿದರು. ಉಳಿದ ಮಾತನ್ನು ಹೇಳಿ ಮುಗಿಸಿದರು, ಸಹಿ ಮಾಡಿದರು. ಹೋಗುವಾಗ ಮಾತ್ರ “ಬರ್ತೀನ್ರಿ ಪೇಪರ್ನವ್ರ” ಎಂದರು. ಅಣ್ಣಾರ ಎಂದು ನನ್ನನ್ನು ಅವರು ಆಮೇಲೆ ಯಾವತ್ತೂ ಕರೆದಿಲ್ಲ.

ಸ್ಪಷ್ಟನೆ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂತು, ‘ಆರೋಪ ನಿರಾಕರಿಸಿದ ಮಹಿಳೆ’ ಎಂದು. ಅದೇ ದಿನ ಮುಖಂಡರದೂ ಬಂತು, ಮೂರು ಕಾಲಮ್ಮು, ಕೈಮುಗಿದ ಫೋಟೊದೊಡನೆ. ಇಷ್ಟು ದಿನ ಹೆಸರಿಲ್ಲದ ಪ್ರಭಾವಿಗಳಿಗೆ ಅಂದು ಹೆಸರು ಬಂದಿತ್ತು, ಜೊತೆಗೆ ಗೌರವಾನ್ವಿತ ಎಂಬ ಬಾಲವೂ. ಸಾರ್ವಜನಿಕ ಜೀವನದಲ್ಲಿರುವವರಿಗೂ ಖಾಸಗಿ ಬದುಕಿದೆ, ಅದನ್ನು ಬೀದಿಗೆ ತರಬಾರದು ಎಂದು ನಮ್ಮ ಸಂಪಾದಕರು ಒಂದು ಟಿಪ್ಪಣಿಯನ್ನೂ ಬರೆದಿದ್ದರು. ಕೆಲವು ವಾರಗಳ ನಂತರ ಆ ಮುಖಂಡರ ಮನೆಯ ಸೊಸೆಯ ತಕರಾರು ಪೊಲೀಸ್ ಠಾಣೆಗೆ ಬಂದಾಗ ನಾನು ಡೆಸ್ಕಿಗೆ ತಿಳಿಸಿದೆ. ಹೆಣ್ಣುಮಕ್ಕಳ ಮರ್ಯಾದೆಯ ವಿಷಯ, ಬಿಟ್ಟುಬಿಡಿ ಎಂದರು. ಬಿಟ್ಟುಬಿಟ್ಟೆ. ಆ ಸೊಸೆಯ ಮಾನ ಉಳಿಸಿದ್ದಕ್ಕೆ ನನಗೆ ಬೇಸರವಿಲ್ಲ. ಮರ್ಯಾದೆ ಎಂಬುದು ಓಣಿ ನೋಡಿ ಬರುತ್ತದೆಯೇ ಎಂದು ಕೇಳಲು ಬಾಯಿ ಬರಲಿಲ್ಲ, ಅಷ್ಟೆ.

ನಾನು ಹೇಳಬೇಕಾದ ಕೆಟ್ಟದ್ದು ಇನ್ನೂ ಇದೆ. ಮೇಲಿನ ಓಣಿಯ ಮೂವರು ನನ್ನ ಅಂಗಡಿಗೆ ಬಂದು, ನನ್ನದೇ ಸುದ್ದಿಯ ಝರಾಕ್ಸ್ ತೆಗೆಸಿದರು. ನೀತಿಗೆಟ್ಟ ಹೆಂಗಸಿನ ಕೈಯಲ್ಲಿ ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂಬ ಅರ್ಜಿಗೆ ಅದನ್ನು ಲಗತ್ತಿಸುವುದಿತ್ತು. ಸಾರು ಖಾರ ಎನ್ನುವುದು ಅವತ್ತಿಗೆ ಮುಗಿಯಿತು. ಅವರಿಗೆ ಅದಕ್ಕಿಂತ ಒಳ್ಳೆಯ ನೆಪವನ್ನು ನಾನು ಅಚ್ಚು ಹಾಕಿಸಿ ಕೊಟ್ಟಿದ್ದೆ. ಮೊದಲ ಪ್ರತಿ ಮಸುಕಾಗಿ ಬಂತು. ಮತ್ತೊಂದು ತೆಗೆದುಕೊಟ್ಟೆ.

ಅರ್ಜಿಯ ವಿಚಾರಣೆಗೆ ಶಾಲೆಯಲ್ಲಿ ಸಭೆ ಕರೆದರು. ಅಧಿಕಾರಿಯೊಬ್ಬರು ಬಂದಿದ್ದರು. ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ಆಡಿಯೊ ಕೇಳಿಸುವಂತೆ ಮಾಸ್ತರರು ಹೇಳಿ ನೋಡಿದರು. ಶಾಲೆಯಲ್ಲಿ ಅಂಥದ್ದನ್ನು ಕೇಳಿಸುವುದು ಬೇಡ, ಪತ್ರಿಕೆಯಲ್ಲಿ ಬಂದದ್ದು ಸಾಕು ಎಂದರು ಅಧಿಕಾರಿ. ತಮಗೆ ಹೇಳುವುದೇನಾದರೂ ಇದೆಯೇ ಎಂದು ಅಕ್ಕನನ್ನು ಕೇಳಿದರು.

“ಪೇಪರ್ನವ್ರು ಇಲ್ಲೇ ಅದಾರ್ರಿ. ನಾ ಹೂಂರಿ ಅಂದದ್ದು ಯಾಕಂತ ಅವ್ರನ್ನ ಕೇಳ್ರಿ. ಅವ್ರು ನಮ್ಮ ಕಡಿಯವ್ರ.”

ಇಡೀ ಕೋಣೆ ನನ್ನ ಕಡೆ ತಿರುಗಿತು. ಆ ಹೆಣ್ಣುಮಗಳು ನನಗೆ ಒಂದು ಬಾಗಿಲು ತೆರೆದುಕೊಟ್ಟಿದ್ದರು. ಎಲ್ಲ ಗೊತ್ತಿದ್ದೂ, ನನ್ನ ಸುಳ್ಳನ್ನು ಹೊರಗೆ ಹಾಕದೆ, ಖರೆ ಹೇಳು ಎಂದಷ್ಟೇ ಕೇಳಿದ್ದರು. ಅಧಿಕಾರಿ ಪೆನ್ನು ಹಿಡಿದುಕೊಂಡು, ಆಡಿಯೊ ನೀವೇ ಪೂರ್ತಿ ಕೇಳಿ ಬರೆದದ್ದಲ್ಲವೇ ಎಂದರು.

“ಹೂಂರಿ” ಎಂದೆ.

ಮುಂದೆ ಇನ್ನೊಂದು ಮಾತಿತ್ತು ನನ್ನ ಬಾಯಲ್ಲಿ. ಅಷ್ಟರಲ್ಲಿ ಅಧಿಕಾರಿ ಬರೆದುಕೊಂಡಾಗಿತ್ತು. ಹಿಂದೆ ಕೂತವರು ಎದ್ದು ಧೋತರ ಜಾಡಿಸಿಕೊಳ್ಳುತ್ತಿದ್ದರು. ತಡೆಯಿರಿ ಎಂದು ಒಂದು ಶಬ್ದ ಅಂದಿದ್ದರೆ ಸಾಕಿತ್ತು. ಮುಖಂಡರ ಕಡೆಯವರು ಇಬ್ಬರು ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ನನ್ನ ಪುಸ್ತಕದಲ್ಲಿ ಏನೋ ಗೀಚುತ್ತ ತಲೆ ತಗ್ಗಿಸಿದೆ. ವರದಿಗಾರರು ದೃಢಪಡಿಸಿದ್ದಾರೆ ಎಂದು ನಡಾವಳಿಯಲ್ಲಿ ಬಂತು. ಆ ತಿಂಗಳೇ ಅಕ್ಕನನ್ನು ಕೆಲಸದಿಂದ ತೆಗೆದರು.

ಈಗ ಅವರು ಮಿಶ್ರಿಕೋಟಿ ಕಡೆಯ ಗದ್ದೆಗಳಿಗೆ ಕೂಲಿಗೆ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಆ ಶಾಲೆ ಬಿಡಿಸಿ, ದೇವಿಕೊಪ್ಪದ ತಂಗಿಯ ಮನೆಯಲ್ಲಿಟ್ಟು ಅಲ್ಲಿ ಓದಿಸುತ್ತಿದ್ದಾರೆ. ಹಳೆಯ ಶಾಲೆಯ ಹಾದಿಯಲ್ಲಿ ಅವರಿಬ್ಬರಿಗೆ ಯಾರೋ ಆಡಿಯೊ ಕೇಳಿಸಿದ್ದರಂತೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ತಡೆಯಲಾಗದೆ ಅವರ ಮನೆಗೆ ಹೋದೆ. ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಬರ್ರಿ, ಕೂಡ್ರಿ ಎಂದು ಕಂಬಳಿ ಹಾಸಿದರು, ನೀರು ಕೊಟ್ಟರು. ನಾನು ಡೆಸ್ಕಿನ ಸುಳ್ಳಿನಿಂದ ಸಭೆಯ ತನಕ ಎಲ್ಲವನ್ನೂ ಹೇಳಿದೆ. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೈಮುಗಿದೆ. ಹೇಳುತ್ತ ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

“ಮನ್ಯಾಗ ಕೈ ಮುಗದ್ರ ನನಗೊಬ್ಬಾಕಿಗೆ ಕಾಣತೈತ್ರಿ. ನನಗ ಮೊದಲ ಗೊತ್ತೈತಿ. ಪೇಪರಿನ್ಯಾಗ ಬರೀರಿ. ನನ್ನ ಮಕ್ಕಳು ಓದಬೇಕು.”

ಹೂಂರಿ ಎಂದು ಎದ್ದು ಬಂದೆ. ಅದನ್ನು ಅವರು ಯಾವ ಅರ್ಥದಲ್ಲಿ ತೆಗೆದುಕೊಂಡರೋ ತಿಳಿಯದು. ಆ ಸಂಜೆಯೇ ಬರೆದೆ, ಹತ್ತೇ ಸಾಲು. ಮುಖಂಡರ ಹೆಸರೂ ಇತ್ತು, ನನ್ನ ಹೆಸರೂ ಇತ್ತು. ಕಳಿಸಲು ಬೆರಳು ಬರಲಿಲ್ಲ. ಮುಖಂಡರ ಹುಟ್ಟುಹಬ್ಬದ ಪುಟ ಈ ವರ್ಷವೂ ನನ್ನ ಕೈಯಿಂದಲೇ ಹೋಯಿತು. ಆ ಹತ್ತು ಸಾಲು ಇನ್ನೂ ಕಂಪ್ಯೂಟರಿನಲ್ಲೇ ಇವೆ, ಮತ್ತು ಆ ಹುಡುಗಿಯರಲ್ಲಿ ದೊಡ್ಡವಳು ಈಗ ದಿನಾ ಪತ್ರಿಕೆ ಓದುತ್ತಾಳಂತೆ.