ಕೋಲಣ್ಣನ ಕಿಟಕಿ ಕಡೆಯ ಕಿವಿ

ಬೆಳಗಿನ ಐದೂಕಾಲು. ಗೋದಾಮಿನ ಹಿಂದಿನ ಮಣ್ಣಿನ ಬಯಲಿನಲ್ಲಿ ನಲವತ್ತಕ್ಕೂ ಹೆಚ್ಚು ಲಾರಿಗಳು ಟಾರ್ಪಾಲು ಹೊದ್ದು ಮಲಗಿವೆ. ಒಂದರ ಸುತ್ತ ಮಾತ್ರ ಸದ್ದು. ಟಣ್. ಎರಡು ಹೆಜ್ಜೆ. ಟಣ್. ಮತ್ತೆರಡು ಹೆಜ್ಜೆ. ಐವತ್ತು ದಾಟಿದ ಗಿಡ್ಡ ಮನುಷ್ಯರೊಬ್ಬರು ಹಳೆಯ ಗುದ್ದಲಿಯ ಕಾವು ಹಿಡಿದು ಚಕ್ರಗಳಿಗೆ ಒಂದೊಂದೇ ಏಟು ಹಾಕುತ್ತಾರೆ. ಪ್ರತಿ ಏಟಿಗೂ ತಲೆ ಓರೆ ಮಾಡಿ ಕೇಳುತ್ತಾರೆ. ಮುಂದೆ ನಾಲ್ಕು, ಹಿಂದೆ ಎಂಟು. ಹನ್ನೆರಡನೆಯದೂ ಟಣ್ ಎಂದಾಗ ಮುಖ ಅಗಲವಾಗುತ್ತದೆ. ಆಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಹನ್ನೆರಡನೆಯದಕ್ಕೆ ಇನ್ನೊಂದು ಏಟು ಹಾಕುತ್ತಾರೆ. ಬರೀ ಕೇಳುವ ಖುಷಿಗೆ.

ಆಚೆಯ ಲಾರಿಯೊಂದರ ಕಿಟಕಿಯಿಂದ ಕೆದರಿದ ತಲೆಯೊಂದು ಹೊರಬರುತ್ತದೆ. "ಅಣ್ಣಾ, ಹನ್ನೆರಡಕ್ಕೆ ಮುಗೀತಲ್ಲ, ಹದಿಮೂರನೇದು ಎಲ್ಲಿಂದ ಬಂತು? ಮಲಗೋಕೆ ಬಿಡಲ್ವಾ?"

"ನೀನು ಮಲಗಿದ್ದು ಸಾಕು, ಏಳೋ. ನಿನ್ನ ಗೊರಕೆ ನಂಗೆ ಮೂರು ಲಾರಿ ಆಚೆಯಿಂದ ಕೇಳಿಸ್ತು!" ಎನ್ನುತ್ತಾರೆ ಇವರು. ಹೇಳುವಾಗ ಬಹುಮಾನ ಗೆದ್ದವರ ಠೀವಿ.

ಗೊರಕೆ ಕೇಳಿಸಿದ್ದಕ್ಕೆ ಇಷ್ಟು ಹಿಗ್ಗುವ ಮನುಷ್ಯನನ್ನು ನೀವು ನೋಡಿರಲಾರಿರಿ. ಆದರೆ ಮೂರು ವಾರದ ಹಿಂದೆ ಇದೇ ಮನುಷ್ಯ, ತನ್ನ ಕಿವಿ ಹೋಯಿತು, ಕಿವಿಯ ಜೊತೆ ಇಪ್ಪತ್ತೇಳು ವರ್ಷದ ಸ್ಟೀರಿಂಗೂ ಹೋಯಿತು ಎಂದು ಕೈಚೆಲ್ಲಿ ಕೂತಿದ್ದರು ಎಂದರೆ ಆ ಹಿಗ್ಗು ಅರ್ಥವಾದೀತು.

ಇವರ ಹೆಸರು ಲೈಸೆನ್ಸಿನ ಮೇಲೆ ಒಂದಿದೆ. ಅದನ್ನು ಓದುವುದು ತಪಾಸಣೆಯವರು ಮಾತ್ರ. ಉಳಿದವರಿಗೆಲ್ಲ ಇವರು ಕೋಲಣ್ಣ. ಆ ಕೋಲಿಲ್ಲದೆ ಗಾಡಿ ಹತ್ತಿದ್ದನ್ನು ಯಾರೂ ಕಂಡಿಲ್ಲ. ಹಿಂದಿನ ಚಕ್ರಗಳು ಜೋಡಿಜೋಡಿ. ಒಳಗಿನದರ ಗಾಳಿ ಹೋದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಅರ್ಧ ದಾರಿಯಲ್ಲಿ ಎರಡೂ ಬಿಸಿಯಾಗಿ ಒಡೆದಾಗಲೇ ಗೊತ್ತಾಗುವುದು. "ಒಳಗಿನ ಟೈರು ಮನೇಲಿ ಮಾತು ಕಮ್ಮಿ ಇರೋ ಮಗು ಥರ," ಎನ್ನುತ್ತಾರೆ ಕೋಲಣ್ಣ. "ನೋವಿದ್ರೂ ಬಾಯಿ ಬಿಡಲ್ಲ. ನಾವೇ ತಟ್ಟಿ ಕೇಳ್ಬೇಕು. ಗಾಳಿ ಇದ್ರೆ ಟಣ್ ಅನ್ನತ್ತೆ, ಇಲ್ಲಾಂದ್ರೆ ದಬ್ ಅನ್ನತ್ತೆ. ಅಷ್ಟೇ ವಿದ್ಯೆ."

ಅವರ ಲಾರಿಯಲ್ಲಿ ಇವತ್ತು ನೆಲಕ್ಕೆ ಹಾಸುವ ಟೈಲ್ಸು. ಒಂದು ಗುಂಡಿ ಜೋರಾಗಿ ಹಾರಿಸಿದರೆ ಒಳಗೆ ಪುಡಿಪುಡಿ. ರಸ್ತೆ ಚೆನ್ನಾಗಿದ್ದರೆ ದಿನಕ್ಕೆ ನಾನೂರು ಕಿಲೋಮೀಟರು, ಕೆಟ್ಟಿದ್ದರೆ ಇನ್ನೂರೈವತ್ತು. ತಿಂಗಳಲ್ಲಿ ಮನೆಯ ಹಾಸಿಗೆ ಕಾಣುವುದು ಐದಾರು ದಿನ. ಉಳಿದ ದಿನ ಸೀಟಿನ ಹಿಂದಿನ ಹಲಗೆಯೇ ಅರಮನೆ. ಗಿಡ್ಡವಾಗಿ ಹುಟ್ಟಿದ್ದಕ್ಕೆ ಅಲ್ಲೊಂದೇ ಲಾಭ, ಕಾಲು ಮಡಚದೆ ಮಲಗಬಹುದು ಎಂದು ನಗುತ್ತಾರೆ. ಬಾಗಿಲ ಪಕ್ಕ ಮೂರು ನೀರಿನ ಬಾಟಲಿ: ಕುಡಿಯಲೊಂದು, ಮುಖಕ್ಕೊಂದು, ಮೂರನೆಯದು ಯಾವುದಕ್ಕೆ ಎಂದು ಕೇಳಬಾರದು. ಸಾವಿರ ಲಾರಿ ನಿಲ್ಲುವ ಜಾಗಗಳಲ್ಲಿ ಬಾಗಿಲು ಹಾಕಿಕೊಳ್ಳುವಂಥ ಒಂದು ಪಾಯಿಖಾನೆ ಇರುವುದಿಲ್ಲ. ಇದ್ದರೆ ನೀರಿರುವುದಿಲ್ಲ. ನೀರಿದ್ದರೆ ಬೀಗ ಹಾಕಿರುತ್ತದೆ.

"ಓಡ್ಸೋದು ಕಷ್ಟ ಅಲ್ಲ, ನಿಲ್ಸ್ಕೊಂಡು ಕಾಯೋದು ಕಷ್ಟ," ಎನ್ನುವುದು ಅವರ ಅನುಭವದ ಮಾತು. ಸರಕು ಇಳಿಸಲು ಬೇಕಾಗುವುದು ಎರಡು ಗಂಟೆ. ಅದಕ್ಕಾಗಿ ಗೇಟಿನ ಹೊರಗೆ ಮೂವತ್ತೊಂದು ಗಂಟೆ ಕಾದದ್ದೂ ಉಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ ಕಚೇರಿಯ ಸಾಹೇಬರು ಹೂಂ ಅಂದರೂ ಗೇಟಿನ ಕಾವಲುಗಾರನ ಚೀಟಿ ಬರಬೇಕು. ಊಟಕ್ಕೆ ಹೋದರೆ ಅದೇ ಹೊತ್ತಿಗೆ ನಂಬರು ಕೂಗುತ್ತಾರೆ. ಹೋಗದಿದ್ದರೆ ಕೂಗುವುದೇ ಇಲ್ಲ!

ಇಷ್ಟನ್ನೂ ಕೋಲಣ್ಣ ಗೊಣಗುತ್ತಲೇ ಸಹಿಸಿಕೊಂಡು ಬಂದರು. ಆದರೆ ಅವರನ್ನು ಮಣಿಸಿದ್ದು ಒಂದು ಜುಜುಬಿ ವಸ್ತು. ಕಿಟಕಿಯ ಗಾಜು ಏರಿಸುವ ಹ್ಯಾಂಡಲ್ಲು.

ಎರಡು ವರ್ಷದ ಹಿಂದೆ ಅದು ಕೈಗೇ ಕಿತ್ತು ಬಂತು. ಗಾಜು ಅರ್ಧಕ್ಕೆ ನಿಂತಿತು. ಮಾಲೀಕರ ಕಚೇರಿಯ ರಿಪೇರಿ ಪುಸ್ತಕದಲ್ಲಿ ಕೋಲಣ್ಣ ಆರು ಸಲ ಬರೆದರು. ಎಂಜಿನ್ ಕೆಟ್ಟರೆ ಓಡಿ ಬರುವ ವರ್ಕ್‌ಶಾಪಿನವರಿಗೆ ಹ್ಯಾಂಡಲ್ಲು ಯಾವ ಲೆಕ್ಕ? "ಗಾಡಿ ಓಡ್ತಿದೆಯಲ್ಲ?" ಎಂಬುದೇ ಉತ್ತರ. ಗಾಡಿ ಓಡುತ್ತಿತ್ತು, ನಿಜ. ಹತ್ತು ಗಂಟೆ ಹೊತ್ತು ಗಾಳಿ, ಧೂಳು, ಎದುರು ಬರುವ ಲಾರಿಗಳ ಹಾರ್ನು, ಎಲ್ಲವೂ ಕಿಟಕಿ ಕಡೆಯ ಕಿವಿಗೇ ನುಗ್ಗುತ್ತಿದ್ದವು. ಸಂಜೆಯ ಹೊತ್ತಿಗೆ ತಲೆ ಧಿಮ್ ಅನ್ನುತ್ತಿತ್ತು. ಕೋಲಣ್ಣ ತಾವೇ ಒಂದು ಉಪಾಯ ಕಂಡುಕೊಂಡರು. ಗಾಯಕ್ಕೆಂದು ಹೆಂಡತಿ ಇಟ್ಟುಕೊಟ್ಟಿದ್ದ ಹತ್ತಿಯ ಸುರುಳಿಯಿಂದ ಒಂದು ಚೂರು ಕಿತ್ತು, ಉಂಡೆ ಮಾಡಿ, ಬೆಳಿಗ್ಗೆ ಕಿವಿಗೆ ಇಡುವುದು, ಸಂಜೆ ತೆಗೆದು ಬಿಸಾಡುವುದು. ಹಾಯಾಗಿತ್ತು.

ಕಳೆದ ವರ್ಷದ ಕೊನೆಯ ಹೊತ್ತಿಗೆ ಚಕ್ರಗಳು ಸುಳ್ಳು ಹೇಳಲು ಶುರುಮಾಡಿದವು.

ಹೊಡೆದರೆ ದಬ್. ಎಲ್ಲಕ್ಕೂ ದಬ್. ಪಂಕ್ಚರ್ ಅಂಗಡಿಯವರ ಹತ್ತಿರ ಎರಡು ಸಲ ಒಳಗಿನ ಚಕ್ರ ಬಿಚ್ಚಿಸಿದರು. ಗಾಳಿ ತುಂಬಿಕೊಂಡು ಗುಂಡಗೆ ಕೂತಿತ್ತು ಅದು. ಅಂಗಡಿಯವರು ನಕ್ಕರು. ಟೈರ್ ಕಂಪನಿಯೇ ಕಳಪೆ ಎಂದು ಕೋಲಣ್ಣ ಬೈದರು. ಆಮೇಲೆ ಕೋಲಿನ ಮೇಲೆ ಅನುಮಾನ ಬಂದು, ಇಪ್ಪತ್ತು ವರ್ಷದ ಕಾವನ್ನು ಮೂಲೆಗಿಟ್ಟು ಹೊಸದು ತಂದರು. ಹೊಸದೂ ದಬ್ ಎಂದಿತು! ಮೂರನೆಯ ಅನುಮಾನ ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂತು, ಚಕ್ರ ತಟ್ಟುವಾಗ ಓರೆ ಮಾಡುವ ಕಿಟಕಿ ಕಡೆಯ ಕಿವಿಗೆ. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ಇನ್ನೊಂದು ಕಿವಿ ಮುಚ್ಚಿ, ಆ ಕಿವಿಯ ಹತ್ತಿರ ಬೆರಳು ಚಿಟಿಕೆ ಹೊಡೆದು ನೋಡಿಕೊಂಡರು. ಏನೂ ಇಲ್ಲ. ಇನ್ನೊಂದು ಸಲ ಹೊಡೆದರು. ಆಗಲೂ ಇಲ್ಲ.

"ನಮ್ಮಪ್ಪನಿಗೂ ಅರವತ್ತಕ್ಕೆಲ್ಲ ಕಿವಿ ಹೋಗಿತ್ತು," ಎನ್ನುತ್ತಾರೆ ಅವರು. "ನಂಗೆ ಇನ್ನೂ ಬೇಗ ಬಂತು ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಗಾಡಿ ಕೊಡ್ತಾರಾ?" ಲೈಸೆನ್ಸಿನ ಅವಧಿ ಮುಗಿಯಲು ಎರಡು ತಿಂಗಳಿತ್ತು. ಹೊಸದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಮನೆಯಲ್ಲಿ ಹೆಂಡತಿ ಮೂರು ಮಾತಿಗೆ ಒಂದು ಸಲ "ರೀ, ಕೇಳಿಸ್ತಾ?" ಎನ್ನತೊಡಗಿದ್ದರು. ಇವರು ಕೇಳಿಸದ್ದಕ್ಕೆಲ್ಲ ಹೂಂ ಹೂಂ ಎಂದು ತಲೆಯಾಡಿಸಿ, ಒಂದು ಸಲ ತಂಗಿಯ ಮನೆಯ ಕಾರ್ಯಕ್ಕೆ ಬರುತ್ತೇನೆಂದು ಒಪ್ಪಿ, ಆ ದಿನ ಎಂಟುನೂರು ಕಿಲೋಮೀಟರು ದೂರದಲ್ಲಿ ಟೀ ಕುಡಿಯುತ್ತಿದ್ದರು. ತಂಗಿ ಇನ್ನೂ ಮುಖ ಊದಿಸಿಕೊಂಡಿದ್ದಾರೆ.

ಹೀಗೇ ತಳ್ಳಬಹುದಿತ್ತೇನೋ. ಒಂದು ಮಧ್ಯಾಹ್ನ ಗೋದಾಮಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಸರಕು ಇಳಿಸುವ ಕಟ್ಟೆಗೆ ಲಾರಿಯ ಬೆನ್ನು ತಾಗಿಸಬೇಕು. ಕಿಟಕಿ ಕಡೆಯಿಂದ ಹಮಾಲಿಯೊಬ್ಬ "ನಿಲ್ಸು, ನಿಲ್ಸು!" ಎಂದು ಕೂಗಿದ್ದಾನೆ. ಲಾರಿಯ ಬಾಡಿಯ ಮೇಲೆ ಕೈಯಿಂದ ಬಡಿದಿದ್ದಾನೆ. ಇವರಿಗೆ ಏನೂ ಕೇಳಿಸಿಲ್ಲ. ಕನ್ನಡಿಯಲ್ಲಿ ಅವನು ಕಟ್ಟೆಯ ಮೇಲೆ ಹಾರಿದ್ದು ಕಂಡು ಬ್ರೇಕು ತುಳಿದರು. ಇಳಿದು ಹೋಗಿ ನೋಡಿದರೆ, ಅವನು ನಿಂತಿದ್ದ ಜಾಗದಲ್ಲಿ ಅವನ ಊಟದ ಡಬ್ಬಿ ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು.

ಆ ಡಬ್ಬಿ ಈಗಲೂ ಕೋಲಣ್ಣನ ಕ್ಯಾಬಿನ್ನಿನಲ್ಲಿ, ಕಣ್ಣಿಗೆ ಬೀಳುವ ಹಾಗೆ ಕನ್ನಡಿಯ ಕೆಳಗಿದೆ. ಹಮಾಲಿಗೆ ತಮ್ಮ ಊಟವನ್ನೂ ಡಬ್ಬಿಯನ್ನೂ ಕೊಟ್ಟು ಇದನ್ನು ಇಸಿದುಕೊಂಡರು. "ಅವನೇನೋ 'ಹೋಗ್ಲಿ ಬಿಡಿ ಅಣ್ಣ, ಹಳೇ ಡಬ್ಬಿ' ಅಂದ. ನಾನು ಬಿಡ್ಲಿಲ್ಲ. ಇವತ್ತು ಡಬ್ಬಿ. ನಾಳೆ?"

ಅವತ್ತು ವಿಷಯ ಬಾಯಿಬಿಟ್ಟ ಮೇಲೆ ಜೊತೆಯ ಡ್ರೈವರುಗಳು ಧೈರ್ಯ ಹೇಳಿದರು, ಅವರ ರೀತಿಯಲ್ಲಿ. ಸರ್ಟಿಫಿಕೇಟಿನವರು ಕಣ್ಣಷ್ಟೇ ನೋಡುತ್ತಾರೆ, ಕಿವಿ ಕೇಳುವವರಿಲ್ಲ, ಸುಮ್ಮನಿದ್ದುಬಿಡು ಎಂದರು. ಕೋಲಣ್ಣ ಸುಮ್ಮನಿರಲಿಲ್ಲ. ಮನೆಗೆ ಹೋದವರೇ ಹೆಂಡತಿಯ ಎದುರು ಕೂತು ಎಲ್ಲ ಹೇಳಿದರು. ಅವರು ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವರು. ಮಿಷನ್ ನಿಲ್ಲಿಸಿ, ದಾರ ಕತ್ತರಿಸಿ, "ನಾಳೆ ಬೆಳಿಗ್ಗೆ ಕಿವಿ ಡಾಕ್ಟರ ಹತ್ರ ಹೋಗೋಣ. ಹೋಯ್ತು ಅಂದ್ರೆ ಕೀ ಕೊಟ್ಟುಬಿಡಿ. ನಾನು ಇನ್ನೊಂದು ನಾಲ್ಕು ಅಂಗಿ ಹೆಚ್ಚು ಹೊಲೀತೀನಿ," ಎಂದರು. ಅಷ್ಟು ಹೇಳಿ ಮತ್ತೆ ಮಿಷನ್ ತುಳಿಯತೊಡಗಿದರು. ಆದರೆ ಸೂಜಿಯಲ್ಲಿ ದಾರವೇ ಇರಲಿಲ್ಲ.

ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ಕೂತಾಗ ಕೋಲಣ್ಣ ಮಾಲೀಕರಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದರಂತೆ. ಲಾರಿಯ ಕೀ ಜೇಬಿನಲ್ಲೇ ಇತ್ತು, ಅದನ್ನು ಹಿಡಿದುಕೊಂಡೇ ಒಳಗೆ ಹೋದರು. ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಇನ್ನೊಂದು ಸಲ ನೋಡಿದರು. "ಒಳಗೆ ಏನಿಟ್ಟಿದ್ದೀರಿ?" ಎಂದು ಕೇಳಿದರು. ಇವರಿಗೆ ಅದೂ ಕೇಳಿಸಲಿಲ್ಲ.

ಸಣ್ಣ ಚಿಮುಟದಲ್ಲಿ ಅವರು ನಿಧಾನವಾಗಿ ಎಳೆದದ್ದು ಕಡಲೆಬೀಜದ ಗಾತ್ರದ, ಕರ್ರಗಿನ, ಎಣ್ಣೆ ಧೂಳು ಮೆತ್ತಿದ ಹತ್ತಿಯ ಉಂಡೆ. ಅದರ ಹಿಂದೆ ಇನ್ನೊಂದು. ಯಾವುದೋ ಸಂಜೆ ತೆಗೆಯುವಾಗ ಅರ್ಧವೇ ಬಂದು ಅರ್ಧ ಒಳಗೇ ಉಳಿದಿತ್ತು. ಮರುದಿನ ಅದರ ಮೇಲೆ ಹೊಸದು. ಕೋಲಣ್ಣ ತಾವೇ ಬೆರಳಿನಿಂದ ತುರುಕಿ ತುರುಕಿ ಗಟ್ಟಿ ಮಾಡಿದ್ದರು.

ಚಿಮುಟ ತಟ್ಟೆಗೆ ಬಿದ್ದ ಸದ್ದು ಮೊದಲು ಕೇಳಿಸಿತು. ಆಮೇಲೆ ಫ್ಯಾನಿನದು. ಆಮೇಲೆ, ಬೆನ್ನ ಹಿಂದೆ ಯಾರೋ ಮೂಗೆಳೆದುಕೊಂಡದ್ದು.

"ಯಾಕೆ ಅಳ್ತಿದ್ದೀಯ?" ಎಂದರು ಕೋಲಣ್ಣ, ತಿರುಗದೆಯೇ.

"ಕೇಳಿಸ್ತಾ?" ಎಂದು ಹೆಂಡತಿ ಗಟ್ಟಿಯಾಗಿಯೇ ಅತ್ತುಬಿಟ್ಟರು.

ಹೋದ ಜೀವ ಬಂದ ಹಾಗಾಯಿತು ಎನ್ನುವುದನ್ನು ನಾವು ಬಾಯಿಮಾತಿಗೆ ಹೇಳುತ್ತೇವೆ. ಇವರಿಗೆ ಅದು ಆ ಕೋಣೆಯಲ್ಲಿ ಆದದ್ದು. ಡಾಕ್ಟರಮ್ಮ ಸುಮ್ಮನೆ ಕಳಿಸಲಿಲ್ಲ. ಗಾಜಿನ ಡಬ್ಬದಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿಸಿ, ಪೂರ್ತಿ ಪರೀಕ್ಷೆ ಮಾಡಿದರು. ವಯಸ್ಸಿಗೆ ತಕ್ಕಷ್ಟು ತಗ್ಗಿದೆ, ಗಾಡಿ ಓಡಿಸಲು ಧಾರಾಳ ಸಾಕು ಎಂದು ಕಾಗದದ ಮೇಲೆ ಬರೆದುಕೊಟ್ಟರು. ಬೈಗುಳವನ್ನೂ ಕೊಟ್ಟರು: ಇನ್ನು ಹತ್ತಿ ಮುಟ್ಟಿದರೆ ನೋಡಿ, ಕಿಟಕಿ ಮುಚ್ಚಿ ಓಡಿಸಿ.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು ಅಂತ ಎಲ್ರೂ ನಗ್ತಾರೆ," ಎನ್ನುತ್ತಾರೆ ಕೋಲಣ್ಣ. "ನಗ್ಲಿ. ಆ ಇಲಿ ಸಿಕ್ಕಿದ್ದಕ್ಕೆ ನಾನು ಬದುಕ್ಕೊಂಡೆ." ಹೆಂಡತಿಗೆ ಮಾತ್ರ ಸ್ವಲ್ಪ ಬೇಸರ. ಕಿವೀಲಿ ಹತ್ತಿ ಇಟ್ಕೊಂಡಿದ್ದೀರಾ ಎಂದು ಬೈಯಲು ಇನ್ನು ಬಾಯಿ ಬರುವುದಿಲ್ಲವಂತೆ.

ಹೊಸ ಲೈಸೆನ್ಸು ಕಳೆದ ವಾರ ಕೈಸೇರಿದೆ. ಹಳೆಯ ಕಾವು ಮೂಲೆಯಿಂದ ಎದ್ದು ಬಂದಿದೆ. ಟೈರ್ ಕಂಪನಿಯ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿದ್ದಾರೆ, ಪಂಕ್ಚರ್ ಅಂಗಡಿಯವರಿಗೆ ಒಂದು ಟೀ ಕುಡಿಸಿದ್ದಾರೆ. ತಂಗಿಯದೊಂದು ಬಾಕಿ. ಈಗಿನ ಹೊಸ ತಕರಾರೆಂದರೆ ಗಾಡಿಯೇ: ಇಷ್ಟು ದಿನ ಕೇಳಿಸದ ಸಣ್ಣಪುಟ್ಟ ಕಿರಿಕಿರಿಯೆಲ್ಲ ಒಟ್ಟಿಗೇ ಕೇಳಿಸುತ್ತಿದೆ. "ಈ ಮುದುಕಿ ಇಷ್ಟೊಂದು ಗೊಣಗ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ!"

ಏನಾದರೂ ಬೇಕಿತ್ತಾ ಎಂದು ಮಾಲೀಕರೇ ಈ ಸಲ ಕೇಳಿದರಂತೆ. ಕಿವಿಯ ಸುದ್ದಿ ಕಚೇರಿಯವರೆಗೂ ಹೋಗಿತ್ತು. ಕೋಲಣ್ಣ ಕೇಳಿದ್ದು ಒಂದೇ, ಆ ಹ್ಯಾಂಡಲ್ಲು. ಎರಡು ವರ್ಷ ಆಗದ ಕೆಲಸವನ್ನು ವರ್ಕ್‌ಶಾಪಿನ ಹುಡುಗಿ ನಿನ್ನೆ ಸಂಜೆ ಹತ್ತೇ ನಿಮಿಷದಲ್ಲಿ ಮುಗಿಸಿಕೊಟ್ಟಿದ್ದಾಳೆ.

ಐದೂಮುಕ್ಕಾಲು. ಗೇಟಿನಲ್ಲಿ ನಂಬರು ಕೂಗುತ್ತಾರೆ, ಮೊದಲ ಕೂಗಿಗೇ ಕೋಲಣ್ಣ "ಬಂದೇ!" ಎನ್ನುತ್ತಾರೆ. ಸೀಟು ಹತ್ತಿ, ಕೋಲನ್ನು ಅದರ ಜಾಗಕ್ಕೆ ಸಿಗಿಸಿ, ಹೊಸ ಹ್ಯಾಂಡಲ್ಲು ತಿರುಗಿಸುತ್ತಾರೆ. ಗಾಜು ಸುಯ್ಯನೆ ಮೇಲಕ್ಕೇರಿ ಮುಚ್ಚಿಕೊಳ್ಳುತ್ತದೆ. ಬಯಲಿನ ಗದ್ದಲ ಆಚೆಗುಳಿಯುತ್ತದೆ. ಒಂದು ನಿಮಿಷ ಆ ಮೌನವನ್ನು ಅನುಭವಿಸಿ, ಕನ್ನಡಿಯ ಕೆಳಗಿನ ಚಪ್ಪಟೆ ಡಬ್ಬಿಯನ್ನು ನೋಡುತ್ತಾರೆ. ಆಮೇಲೆ ಗಾಜನ್ನು ನಾಲ್ಕು ಬೆರಳಿನಷ್ಟು ಮತ್ತೆ ಕೆಳಗಿಳಿಸುತ್ತಾರೆ.

ಎರಡು ವರ್ಷ ಕಾದು ಹಾಕಿಸಿಕೊಂಡ ಹ್ಯಾಂಡಲ್ಲು, ಪೂರ್ತಿ ಮುಚ್ಚಬಾರದೇ ಎಂದರೆ ಗೇರು ಹಾಕುತ್ತಲೇ ಹೇಳುತ್ತಾರೆ:

"ದಾರೀಲಿ ಮುಚ್ತೀನಿ. ಇಲ್ಲಿ ಹಿಂದೆ ಜನ ಇದ್ದಾರೆ. ಯಾರಾದ್ರೂ ಕೂಗಿದ್ರೆ ನಂಗೆ ಕೇಳಿಸ್ಬೇಕು."